ಪದಕದ ಜೊತೆಗೊಂದು ಚೀಟಿ

ನಮ್ಮ ಅಜ್ಜ ಮದ್ದಳೆ ನುಡಿಸುತ್ತಿದ್ದರು. ಯಾವುದೋ ಊರಿನ ಬಯಲಾಟದಲ್ಲಿ ಅವರಿಗೆ ಕೊಟ್ಟ ಪದಕ ದೇವರ ಕೋಣೆಯ ಮೊಳೆಯಲ್ಲಿ ತೂಗುತ್ತಿತ್ತು. ವರ್ಷಕ್ಕೊಮ್ಮೆ ಆಯುಧಪೂಜೆಗೆ ಮುಂಚೆ ಕಾಲುದೀಪ, ಹರಿವಾಣ, ಗಿಂಡಿಗಳ ಜೊತೆ ಅದೂ ಬಾವಿಕಟ್ಟೆಗೆ ಬರುತ್ತಿತ್ತು. ಹುಣಸೆಹುಳಿ, ಒಲೆಬೂದಿ, ತೆಂಗಿನ ನಾರು. ತಿಕ್ಕುವ ಕೆಲಸ ನನ್ನದು. ಹತ್ತು ಹನ್ನೆರಡು ವರ್ಷ ಫಳಫಳ ಹೊಳೆಯುವವರೆಗೆ ತಿಕ್ಕಿದೆ. ಅಜ್ಜ ತೀರಿಕೊಂಡ ಮೇಲೆ ಒಂದು ದಿನ ಮೊಳೆಯಿಂದ ತೆಗೆದು ನೋಡಿದರೆ ಅದರಲ್ಲಿ ಅಕ್ಷರವೇ ಇಲ್ಲ. ಕೊಟ್ಟವರು ಯಾರು, ಯಾವ ಊರು, ಯಾವ ವರ್ಷ, ಎಲ್ಲವನ್ನೂ ನಾನೇ ತಿಕ್ಕಿ ಅಳಿಸಿದ್ದೆ.

ಅಂದು ರಾತ್ರಿ ಕರೆಂಟು ಹೋಗಿತ್ತು. ಪದಕ ಮೇಜಿನ ಮೇಲಿತ್ತು, ಪಕ್ಕದಲ್ಲೇ ಟಾರ್ಚು ಅಡ್ಡ ಮಲಗಿತ್ತು. ಬೆಳಕು ಮೇಲಿನಿಂದ ಬೀಳದೆ ಪದಕದ ಮೈ ಸವರಿಕೊಂಡು ಹೋದಾಗ ಒಂದು ಕಡೆ ಸಣ್ಣ ನೆರಳು ಕಂಡಿತು. ಟಾರ್ಚನ್ನು ಸುತ್ತ ಸರಿಸುತ್ತಾ ಹೋದೆ. ಮೊದಲು ‘ಸ್ತರ’, ಆಮೇಲೆ ‘ಪರವಾಗಿ’, ಕೆಳಗೆ 1958. ‘ಊರ ಹತ್ತು ಸಮಸ್ತರ ಪರವಾಗಿ’ ಎಂದು ಸೊನಗಾರರು ಉಳಿಯಲ್ಲಿ ಕೆತ್ತಿದ್ದ ಸಾಲು. ಊರಿನ ಹೆಸರು ಮಾತ್ರ ಇವತ್ತಿಗೂ ಸಿಕ್ಕಿಲ್ಲ. ನನ್ನ ಸಂಗ್ರಹದ ಮೊದಲ ಪದಕ ಅದು. ಚೀಟಿಯಲ್ಲಿ ‘ಊರು’ ಎಂಬಲ್ಲಿ ಖಾಲಿ ಜಾಗ ಬಿಟ್ಟಿದ್ದೇನೆ.

ಈಗ ನನ್ನಲ್ಲಿ ಆರುನೂರರಷ್ಟು ಪದಕ, ಬಿಲ್ಲೆ, ಬ್ಯಾಡ್ಜುಗಳಿವೆ. ಎಲ್ಲವೂ ನಮ್ಮ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಉತ್ಸವ, ಸ್ಪರ್ಧೆ, ಸಮ್ಮೇಳನಗಳದ್ದು: ಹುಲಿವೇಷ, ಮೊಸರುಕುಡಿಕೆ, ಭಜನೆ, ಕಂಬಳ, ತಾಳಮದ್ದಳೆ, ಪರ್ಯಾಯ. ನಾಣ್ಯ ಸಂಗ್ರಹಿಸುವವರಿಗೆ ಪಟ್ಟಿ ಇದೆ, ಬೆಲೆ ಇದೆ. ಊರ ಯುವಕ ಮಂಡಲ ಕೊಟ್ಟ ಪದಕಕ್ಕೆ ಅದ್ಯಾವುದೂ ಇಲ್ಲ. ಅದನ್ನು ಕೂಡಿಡುವವರೂ ಕಡಿಮೆ. ಅದಕ್ಕೇ ಅದರ ಮೇಲೆ ನನಗೆ ಜಾಸ್ತಿ ಪ್ರೀತಿ.

ಹೆಚ್ಚಿನವು ಸಿಕ್ಕಿದ್ದು ಗುಜರಿ ಅಂಗಡಿಗಳಲ್ಲಿ. ಹಳೆಮನೆ ಕೆಡವಿದಾಗ, ಪಾಲಾದಾಗ, ಮಕ್ಕಳು ಮುಂಬಯಿಗೋ ಗಲ್ಫಿಗೋ ಹೋಗಿ ಮನೆಗೆ ಬೀಗ ಬಿದ್ದಾಗ ಹಿತ್ತಾಳೆ ಪಾತ್ರೆಗಳ ಚೀಲದಲ್ಲಿ ಪದಕಗಳೂ ಹೋಗುತ್ತವೆ. ಉಡುಪಿಯಲ್ಲಿ ಒಬ್ಬರು ಗುಜರಿಯವರು ಹಿತ್ತಾಳೆ ರಾಶಿಯಿಂದ ರಿಬ್ಬನ್ನು ಕಂಡದ್ದನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬಕ್ಕೆ ಹಾಕಿಡುತ್ತಾರೆ. ‘ಟೀಚರೇ, ನಿಮ್ಮ ಸಾಮಾನು ಬಂದಿದೆ’ ಎಂದು ಫೋನು ಬರುತ್ತದೆ. ತೂಕದ ಬೆಲೆಗೇ ಕೊಡುತ್ತಾರೆ. ನಾನು ಅಲ್ಲಿ ತಪ್ಪದೆ ಕೇಳುವ ಪ್ರಶ್ನೆ ಒಂದೇ: ಇದು ಯಾವ ಕಡೆಯ ಮನೆಯಿಂದ ಬಂತು? ಹಿರಿಯಡ್ಕವೋ, ಕಟಪಾಡಿಯೋ, ಬ್ರಹ್ಮಾವರವೋ, ಅಷ್ಟು ಗೊತ್ತಾದರೂ ಸಾಕು. ಆ ಉತ್ತರ ಅಂಗಡಿಯವರ ನೆನಪಿನಲ್ಲಿ ಉಳಿಯುವುದು ಒಂದು ವಾರ. ಆದ್ದರಿಂದ ಫೋನು ಬಂದರೆ ಮರುದಿನವೇ ಹೋಗುತ್ತೇನೆ.

ಇಸವಿ ಇಲ್ಲದ ಪದಕಕ್ಕೆ ಇಸವಿ ಹುಡುಕುವುದು ಈ ಹವ್ಯಾಸದಲ್ಲಿ ನನಗೆ ಬಲು ಇಷ್ಟದ ಕೆಲಸ. ವಿಳಾಸ ಓದಿದರೆ ಅರ್ಧ ಕೆಲಸ ಆಯಿತು. ‘ಮೈಸೂರು ರಾಜ್ಯ’ ಎಂದಿದ್ದರೆ ಅದು 1956ರ ನವೆಂಬರ್ 1 ಮತ್ತು 1973ರ ನವೆಂಬರ್ 1ರ ನಡುವಿನದು. ಅದಕ್ಕೂ ಮೊದಲು ನಾವು ಮದ್ರಾಸಿಗೆ ಸೇರಿದ್ದವರು, ಆಮೇಲೆ ಕರ್ನಾಟಕ. ‘ಉಡುಪಿ, ದ.ಕ.’ ಎಂದಿದ್ದರೆ 1997ಕ್ಕಿಂತ ಈಚಿನದಾಗಿರುವ ಸಾಧ್ಯತೆ ಕಡಿಮೆ, ಏಕೆಂದರೆ ಆ ವರ್ಷದ ಆಗಸ್ಟ್‌ನಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು. ಹಳೆಯ ಅಚ್ಚನ್ನೇ ಮುಂದುವರಿಸಿದವರೂ ಇರುತ್ತಾರೆ, ಹಾಗಾಗಿ ಇದೊಂದನ್ನೇ ನಂಬಿ ಇಸವಿ ಬರೆಯುವುದಿಲ್ಲ.

ಪರ್ಯಾಯದ ಬ್ಯಾಡ್ಜುಗಳಲ್ಲಿ ಲೆಕ್ಕ ಇನ್ನೂ ಚೆಂದ. ಉಡುಪಿಯ ಕೃಷ್ಣನ ಪೂಜೆಯ ಹೊಣೆ ಮಠದಿಂದ ಮಠಕ್ಕೆ ದಾಟುವುದೇ ಪರ್ಯಾಯ. ಎಂಟು ಮಠ, ಒಂದೊಂದಕ್ಕೆ ಎರಡು ವರ್ಷ, ಅಂದರೆ ಒಂದು ಮಠದ ಸರದಿ ಬರುವುದು 16 ವರ್ಷಕ್ಕೊಮ್ಮೆ. ನನ್ನಲ್ಲಿ ಪೇಜಾವರ ಮಠದ ಹೆಸರಿನ ಒಂದು ಸ್ವಯಂಸೇವಕರ ಬ್ಯಾಡ್ಜಿದೆ, ಇಸವಿ ಇಲ್ಲ. ಪೇಜಾವರದ ಸರದಿ 1952, 1968, 1984, 2000, 2016ರಲ್ಲಿ ಬಂದಿತ್ತು, ಐದು ಬಾರಿಯೂ ಪೀಠವೇರಿದವರು ವಿಶ್ವೇಶತೀರ್ಥರೇ. ಹಾಗಾಗಿ ಸ್ವಾಮಿಗಳ ಹೆಸರಿನಿಂದ ಏನೂ ತಿಳಿಯುವಂತಿಲ್ಲ. ಆದರೆ ಬ್ಯಾಡ್ಜು ತಗಡಿನದು, ಬಣ್ಣದ ಎನಾಮಲ್ಲು, ಹಿಂದೆ ಬೆಸುಗೆ ಹಾಕಿದ ಸೇಫ್ಟಿಪಿನ್ನು. 2000ದ ಹೊತ್ತಿಗೆ ಇಂಥದ್ದು ನಮ್ಮ ಕಡೆ ನಾನು ಕಂಡದ್ದಿಲ್ಲ. ಚೀಟಿಯಲ್ಲಿ ‘1968 ಅಥವಾ 1984’ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟೆ. ಮೂರು ವರ್ಷದ ಬಳಿಕ ರಥಬೀದಿಯಲ್ಲಿ ಸಿಕ್ಕ ಹಿರಿಯರೊಬ್ಬರು ಅದನ್ನು ನೋಡಿದ್ದೇ, ‘ಇದು ನಾನು ಹಾಕಿಕೊಂಡದ್ದು, ಆಗ ನನಗಿನ್ನೂ ಮದುವೆ ಆಗಿರಲಿಲ್ಲ’ ಎಂದರು. ಮದುವೆಯ ಇಸವಿ ಕೇಳಿದೆ, 1971. ಪೆನ್ಸಿಲು ಅಳಿಸಿ ಶಾಯಿಯಲ್ಲಿ 1968 ಎಂದು ಬರೆದೆ.

ಸಾಹಿತ್ಯ ಸಮ್ಮೇಳನದ ಬ್ಯಾಡ್ಜುಗಳಿಗೆ ಈ ಕಷ್ಟವಿಲ್ಲ. 1997 ಮಂಗಳೂರು, 2003 ಮೂಡುಬಿದಿರೆ, 2007 ಉಡುಪಿ, ಮೂರರದ್ದೂ ನನ್ನಲ್ಲಿವೆ.

ಲೋಹ ಯಾವುದೆಂದು ತಿಳಿಯಲು ಒರೆಗಲ್ಲು ಬೇಡ, ಅದು ಗೀರು ಬಿಡುತ್ತದೆ. ನೂಲಿನಲ್ಲಿ ಕಟ್ಟಿ, ತಕ್ಕಡಿಯ ಮೇಲಿಟ್ಟ ನೀರಿನ ಲೋಟದೊಳಗೆ ತಳ ತಾಗದಂತೆ ಇಳಿಬಿಡುತ್ತೇನೆ. ಆಗ ತಕ್ಕಡಿ ಎಷ್ಟು ಗ್ರಾಂ ಹೆಚ್ಚು ತೋರಿಸುತ್ತದೋ ಅದರಿಂದ ಪದಕದ ತೂಕವನ್ನು ಭಾಗಿಸಬೇಕು. ಶುದ್ಧ ಬೆಳ್ಳಿಯಾದರೆ 10.5, ಹಿತ್ತಾಳೆಯಾದರೆ 8.5ರ ಆಸುಪಾಸು. ‘ಬೆಳ್ಳಿ ಪದಕ’ ಎಂದು ಬಂದ ಒಂದು 17 ಗ್ರಾಂ ತೂಗಿತು, ನೀರಿನಲ್ಲಿ 2 ಗ್ರಾಂ ತೋರಿಸಿತು. ಬೆಳ್ಳಿಯ ಬಣ್ಣ, 8.5ರ ಲೆಕ್ಕ, ಅಂದರೆ ಜರ್ಮನ್ ಸಿಲ್ವರ್ ಇರಬೇಕು, ಹೆಸರಿಗೆ ಮಾತ್ರ ಬೆಳ್ಳಿಯಾದ ಮಿಶ್ರಲೋಹ. ಹಾಗೆಂದು ಅದರ ಬೆಲೆ ನನಗೆ ಇಳಿಯಲಿಲ್ಲ. ರಿಬ್ಬನ್ನು ಅಥವಾ ಸ್ಟಿಕರ್ ಇದ್ದರೆ ಮಾತ್ರ ಈ ಪರೀಕ್ಷೆಗೆ ಕೈಹಾಕಬಾರದು.

ಸ್ಟಿಕರ್ ಎಂದೆ. ಈಗಿನ ಪದಕಗಳ ದೊಡ್ಡ ಸಂಕಟವೇ ಅದು. ಟ್ರೋಫಿ ಅಂಗಡಿಯಲ್ಲಿ ಸಿಗುವುದು ಹೊರಗಿನಿಂದ ತರಿಸಿದ ಸಿದ್ಧ ಪದಕ, ಸತುವಿನ ಮಿಶ್ರಲೋಹದ್ದು. ಸುತ್ತ ಎಲೆಯ ಬಳ್ಳಿ, ನಡುವೆ ಒಂದು ರೂಪಾಯಿ ನಾಣ್ಯದಷ್ಟು ಖಾಲಿ ಜಾಗ. ಆ ಜಾಗಕ್ಕೆ ಮಂಡಲದ ಹೆಸರು, ಸ್ಪರ್ಧೆ, ಇಸವಿ ಅಚ್ಚಾದ ಸ್ಟಿಕರ್ ಅಂಟಿಸಿ ಕೊಡುತ್ತಾರೆ. ಭಜನೆ ಸ್ಪರ್ಧೆಗೂ ಕಬಡ್ಡಿಗೂ ಹುಲಿವೇಷಕ್ಕೂ ಅದೇ ಪದಕ. ನಮ್ಮ ಮಳೆಗಾಲಕ್ಕೆ ಆ ಅಂಟು ತಡೆಯುವುದಿಲ್ಲ. ಎರಡು ಮೂರು ಮಳೆ ಕಳೆಯುವಾಗ ಸ್ಟಿಕರಿನ ಅಂಚು ಏಳುತ್ತದೆ, ಒಂದು ದಿನ ಉದುರುತ್ತದೆ. ಅಲ್ಲಿಗೆ ಆ ಪದಕ ಯಾರದೂ ಅಲ್ಲ.

ಹುಲಿವೇಷದ ಒಂದು ಪದಕ ಹಾಗೆಯೇ ಬಂತು, ಬೋಳಾಗಿ. ಗೆದ್ದ ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಹಲ್ಲಿನಲ್ಲಿ ಅಕ್ಕಿಮುಡಿ ಕಚ್ಚಿ ತಲೆಯ ಮೇಲಿಂದ ಹಿಂದಕ್ಕೆ ಹಾರಿಸಿ ಪಡೆದದ್ದು, ಮುಡಿ ಎಂದರೆ ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿ, ನಲವತ್ತು ಕೆ.ಜಿ.ಗೂ ಮಿಕ್ಕಿದ ಭಾರ. ಅವನು ಕೊಡುವಾಗ ‘ಟೀಚರ್, ಇದರಲ್ಲಿ ಏನೂ ಇಲ್ಲ’ ಎಂದ. ರಿಬ್ಬನ್ನಿನ ಮೇಲೆ ಹಳದಿ ಬಣ್ಣದ ಒಂದು ಬೆರಳಚ್ಚು ಇತ್ತು, ವೇಷದ ಬಣ್ಣ ಒಣಗುವ ಮುಂಚೆ ಕೊರಳಿಗೆ ಹಾಕಿದಾಗ ಅಂಟಿದ್ದು. ಅದನ್ನು ತೊಳೆಯಲಿಲ್ಲ. ಅವನು ಹೇಳಿದ್ದನ್ನು ಅವನ ಮುಂದೆಯೇ ಬರೆದುಕೊಂಡೆ.

ಈಗ ನನ್ನ ಕ್ರಮ ಇಷ್ಟು: ಪದಕ ಕೈಗೆ ಬಂದ ದಿನವೇ ಎರಡೂ ಮುಖದ ಫೋಟೊ, ಬೆಳಕು ಬದಿಯಿಂದ. ವ್ಯಾಸ, ತೂಕ. ಎಲ್ಲಿಂದ ಬಂತು, ಯಾರು ಏನು ಹೇಳಿದರು. ಉದುರಿದ ಸ್ಟಿಕರನ್ನು ಗಮ್ ಹಾಕಿ ಮತ್ತೆ ಅಂಟಿಸುವುದಿಲ್ಲ, ಅದೇ ಕವರಿನಲ್ಲಿ ಬೇರೆಯಾಗಿ ಇಡುತ್ತೇನೆ. ಚೀಟಿ ಬರೆಯುವುದನ್ನು ಕಲಿತದ್ದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಹಳೆಯ ಮನೆಯಲ್ಲಿರುವ ನಾಣ್ಯ ಸಂಗ್ರಹಾಲಯದಲ್ಲಿ. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕು ಕಟ್ಟಿದವರು ಅವರು. ಪುಟ್ಟ ನಾಣ್ಯದ ಕೆಳಗೆ ಎರಡೇ ಸಾಲು, ಆದರೆ ಬೇಕಾದದ್ದೆಲ್ಲ ಇರುತ್ತದೆ. ಅದನ್ನು ನೋಡಿ ನೋಡಿ ನನ್ನ ಚೀಟಿ ಚಿಕ್ಕದಾಯಿತು.

ಇಡುವ ವಿಷಯದಲ್ಲಿ ಒಂದು ದೊಡ್ಡ ಪೆಟ್ಟು ತಿಂದಿದ್ದೇನೆ. ಆರಂಭದಲ್ಲಿ ಮೆತ್ತನೆಯ ಪ್ಲಾಸ್ಟಿಕ್ ಜೇಬುಗಳ ಆಲ್ಬಮ್ ಕೊಂಡು ನಲವತ್ತು ತಾಮ್ರ, ಹಿತ್ತಾಳೆ ಪದಕಗಳನ್ನು ಹಾಕಿಟ್ಟೆ. ಜೂನಿನಲ್ಲಿ ಮುಚ್ಚಿಟ್ಟದ್ದು, ಚೌತಿಯ ಹೊತ್ತಿಗೆ ತೆರೆದೆ. ಎಲ್ಲದರ ಮೇಲೂ ಹಸಿರು ಅಂಟು. ಅದು ಪಿವಿಸಿ, ಕಾಲ ಕಳೆದಂತೆ ಆಮ್ಲ ಬಿಡುತ್ತದೆ, ನಮ್ಮ ತೇವಕ್ಕೆ ಬೇಗ ಬಿಡುತ್ತದೆ. ಅಸಿಟೋನಿನಲ್ಲಿ ಅದ್ದಿ ಅಂಟು ತೆಗೆದೆ, ಕಿಲುಬು ತಿಂದ ಗುಳಿಗಳು ಉಳಿದೇ ಉಳಿದವು. ಈಗ ಪಾಲಿಯೆಸ್ಟರ್ ಹಾಳೆಯ ಕವರು, ಮುಚ್ಚಳ ಗಟ್ಟಿಯಿರುವ ಡಬ್ಬ, ಒಳಗೆ ಸಿಲಿಕಾ ಜೆಲ್. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಜೆಲ್ ಬಿಸಿ ಮಾಡಿ ಒಣಗಿಸುತ್ತೇನೆ. ಬೆಳ್ಳಿಯ ಹತ್ತಿರ ರಬ್ಬರ್ ಬ್ಯಾಂಡ್ ಸುಳಿಯಬಾರದು, ಗಂಧಕಕ್ಕೆ ಕಪ್ಪಾಗುತ್ತದೆ. ಹುಣಸೆಹುಳಿ ಅಡುಗೆಮನೆ ದಾಟುವುದಿಲ್ಲ.

ಕಂಬಳದ ಪದಕ ಕೊಳ್ಳುವುದನ್ನು ಬಿಟ್ಟಿದ್ದೇನೆ. ಗೆದ್ದಾಗ ಕೊಡುವ ಚಿನ್ನದ ಪವನು ಕೋಣದ ಯಜಮಾನರ ಮನೆಯಲ್ಲಿರುತ್ತದೆ, ಅಲ್ಲಿರುವುದೇ ಸರಿ. ಓಡಿಸುವವರ ಮನೆಗಳಲ್ಲಿರುವ ಪದಕಗಳನ್ನು ನೋಡಲು ಮಾತ್ರ ಹೋಗುತ್ತೇನೆ, ತಕ್ಕಡಿ ಹಿಡಿದುಕೊಂಡು. ಹೋದ ಫೆಬ್ರವರಿಯಲ್ಲಿ ಮೂಡುಬಿದಿರೆ ಕಡೆಯ ಒಂದು ಮನೆಗೆ ಹೋಗಿದ್ದೆ. ಚಾವಡಿಯ ಗೋಡೆಯಲ್ಲಿ ಹಗ್ಗ ಕಟ್ಟಿ ಸಾಲಾಗಿ ತೂಗುಹಾಕಿದ್ದರು, ಐವತ್ತರ ಮೇಲಿತ್ತು. 2016–17ರ ಸಾಲಿನದು ಒಂದೂ ಇರಲಿಲ್ಲ. ಆ ವರ್ಷ ಹೈಕೋರ್ಟಿನ ತಡೆ ಇತ್ತು, ಕಂಬಳ ನಡೆಯಲಿಲ್ಲ. ಹಗ್ಗದ ಮೇಲೆ ಆ ಜಾಗ ಖಾಲಿ ಬಿಟ್ಟಿದ್ದಾರೆಯೇ ಎಂದು ಕೇಳಿದೆ. ‘ಇಲ್ಲ ಟೀಚರೇ, ಅದು ಹಗ್ಗ ಸಡಿಲ ಆದದ್ದು’ ಎಂದರು.

ಸ್ಟಿಕರ್ ಹೋದವು ಹನ್ನೊಂದು ಇದ್ದವು. ಒಂದೊಂದನ್ನೇ ಕೈಗಿತ್ತು ಕೇಳುತ್ತಾ ಹೋದೆ. ನೇಗಿಲು ಕಿರಿಯ, ಹಗ್ಗ ಹಿರಿಯ ಎಂದು ವಿಭಾಗ ಅವರಿಗೆ ತಟ್ಟನೆ ನೆನಪಾಗುತ್ತಿತ್ತು, ಕೋಣಗಳ ಹೆಸರೂ. ಇಸವಿ ಬರುತ್ತಿರಲಿಲ್ಲ. ಒಂಬತ್ತನೆಯದರಲ್ಲಿ ನಿಂತುಬಿಟ್ಟರು. ಒಳಗಿನಿಂದ ಅವರ ಹೆಂಡತಿ ಮಜ್ಜಿಗೆ ತಂದವರು ಬಗ್ಗಿ ನೋಡಿ ಹೇಳಿದರು: ‘ಅದು ಐಕಳದ್ದು. ಬೆಳಿಗ್ಗೆ ಮನೆಗೆ ಬಂದು ತೊಟ್ಟಿಲಿನ ಕೋಲಿಗೆ ಕಟ್ಟಿದ್ದರು. ಮಗುವಿಗೆ ನಲವತ್ತು ದಿನವೂ ಆಗಿರಲಿಲ್ಲ.’ ಮಗಳ ಹುಟ್ಟಿದ ದಿನ ಕೇಳಿದೆ. ಚಾವಡಿಯಲ್ಲೇ ಕೂತು ಬರೆದೆ: ‘ಐಕಳ, 2012. ನೇಗಿಲು ಕಿರಿಯ. 50 ಮಿ.ಮೀ., 38.4 ಗ್ರಾಂ. ಸ್ಟಿಕರ್ ಇಲ್ಲ. ಹೇಳಿದವರು: ಓಡಿಸಿದವರ ಹೆಂಡತಿ.’ ಪದಕವನ್ನು ಹಗ್ಗಕ್ಕೇ ಸಿಕ್ಕಿಸಿದೆ, ಚೀಟಿಯ ಒಂದು ಪ್ರತಿಯನ್ನು ಅದರ ರಿಬ್ಬನ್ನಿಗೆ ಕಟ್ಟಿದೆ.