ಈರುಳ್ಳಿ ಹುರಿಯೋಕೆ ಯಾಕಿಷ್ಟು ಅವಸರ?

ಮೊನ್ನೆ ತಂಗಿ ಮಗಳ ಮನೆಗೆ ಹೋಗಿದ್ದೆ. ಪನೀರ್ ಮಾಡ್ತೀನಿ ದೊಡ್ಡಮ್ಮ, ಹೋಟೆಲ್ ಥರಾನೇ ಇರುತ್ತೆ ಅಂದಳು. ಈರುಳ್ಳಿ, ಟೊಮೆಟೊ, ಶುಂಠಿ, ಬೆಳ್ಳುಳ್ಳಿ, ಗೋಡಂಬಿ ಎಲ್ಲವನ್ನೂ ಹಸಿಯಾಗೇ ಮಿಕ್ಸಿಗೆ ಹಾಕಿ ತಿರುವಿ, ಬಾಣಲೆಗೆ ಸುರಿದು, ಐದೇ ನಿಮಿಷಕ್ಕೆ ಒಲೆ ಆರಿಸಿಬಿಟ್ಟಳು. ತಿಂದರೆ ಹಸಿ ಈರುಳ್ಳಿ ವಾಸನೆ, ಹಿಂದೆಯೇ ಒಂಚೂರು ಕಹಿ. ಅದನ್ನು ಮುಚ್ಚಲು ಕ್ರೀಮು, ಸಕ್ಕರೆ!

ಗ್ರೇವಿಯ ರುಚಿ ಇರುವುದು ಈರುಳ್ಳಿ ಹುರಿಯುವುದರಲ್ಲಿ. ಈರುಳ್ಳಿ ಜಾಸ್ತಿ, ಟೊಮೆಟೊ ಸ್ವಲ್ಪ ಕಡಿಮೆ, ಕಣ್ಣಳತೆ ಸಾಕು. ನಾಟಿ ಟೊಮೆಟೊ ಆದರೆ ಹುಳಿ ಜಾಸ್ತಿ, ಕೈ ಹಿಡಿದು ಹಾಕಿ. ಬಣ್ಣಕ್ಕೆ ನಾಲ್ಕೈದು ಬ್ಯಾಡಗಿ ಮೆಣಸಿನಕಾಯಿ, ಬೀಜ ಉದುರಿಸಿ ಬಿಸಿನೀರಲ್ಲಿ ನೆನೆಸಿಡಿ. ಗುಂಟೂರು ಹಾಕಿ ಆಮೇಲೆ ಕಣ್ಣು ಒರೆಸಿಕೊಳ್ಳಬೇಡಿ.

ಈಗ ಮುಖ್ಯವಾದದ್ದು. ದಪ್ಪ ತಳದ ಬಾಣಲೆ, ಧಾರಾಳವಾಗಿ ಎಣ್ಣೆ, ಒಂದೇ ಸಮನಾಗಿ ತೆಳ್ಳಗೆ ಹೆಚ್ಚಿದ ಈರುಳ್ಳಿ, ಚಿಟಿಕೆ ಉಪ್ಪು. ಮುಚ್ಚಬೇಡಿ. ಮೊದಲು ನೀರು ಬಿಡುತ್ತದೆ, ಆಮೇಲೆ ಗಾಜಿನ ಹಾಗಾಗುತ್ತದೆ, ಅಂಚು ಕೆಂಪಾಗುವ ಹೊತ್ತಿಗೆ ತಳ ಹಿಡಿಯಲು ಶುರು. ಅಲ್ಲೇ ಎಲ್ಲರೂ ಹೆದರಿ ಟೊಮೆಟೊ ಸುರಿಯುವುದು. ಬೇಡ! ಪಕ್ಕದಲ್ಲಿ ಒಂದು ಲೋಟ ಬಿಸಿನೀರು ಇಟ್ಟುಕೊಳ್ಳಿ. ಒಂದು ಚಮಚದಷ್ಟು ಚಿಮುಕಿಸಿ, ಚುಂಯ್ ಅನ್ನುತ್ತದೆ, ತಕ್ಷಣ ಮರದ ಸಟ್ಟುಗದಿಂದ ತಳ ಕೆರೆದು ಆ ಕಂದು ಬಣ್ಣವನ್ನು ಈರುಳ್ಳಿಗೇ ಸೇರಿಸಿ. ಮತ್ತೆ ಹಿಡಿಯಲು ಬಿಡಿ, ಮತ್ತೆ ಚಿಮುಕಿಸಿ, ಮತ್ತೆ ಕೆರೆಯಿರಿ. ನಾಲ್ಕೈದು ಸಲ ಹೀಗೆ ಮಾಡಿದರೆ ಈರುಳ್ಳಿ ಮುದ್ದೆಯಾಗಿ ಉಂಡೆಬೆಲ್ಲದ ಬಣ್ಣಕ್ಕೆ ಬರುತ್ತದೆ. ತಣ್ಣೀರು ಹಾಕಿದರೆ ಬಾಣಲೆ ಆರಿ ಈರುಳ್ಳಿ ಬೇಯುತ್ತದೆ, ಹುರಿಯುವುದಿಲ್ಲ. ಕಾಫಿಪುಡಿ ಬಣ್ಣಕ್ಕೆ ಹೋದರೆ ಮಾತ್ರ ಕಹಿ, ಎಸೆದು ಹೊಸದಾಗಿ ಮಾಡಿ.

ಇದನ್ನು ಹೇಳಿಕೊಟ್ಟವರು ನಮ್ಮ ಹಳೇ ವಠಾರದಲ್ಲಿದ್ದ ಹೋಟೆಲ್ ಅಡುಗೆಯವರು. ನಾನು ಪಾತ್ರೆಯ ತಳ ಉಜ್ಜುತ್ತಾ ಗೊಣಗುವುದನ್ನು ಕೇಳಿ, "ರುಚಿಯೆಲ್ಲ ಬಚ್ಚಲಿಗೆ ಕಳಿಸ್ತಿದ್ದೀಯಲ್ಲಮ್ಮ" ಅಂದಿದ್ದರು. ಅವತ್ತು ಕೋಪ ಬಂದಿತ್ತು ನನಗೆ.

ಆಮೇಲಿನದು ಸುಲಭ. ಶುಂಠಿ, ಬೆಳ್ಳುಳ್ಳಿ ಹಸಿವಾಸನೆ ಹೋಗುವ ತನಕ, ಟೊಮೆಟೊ ಕರಗುವ ತನಕ, ನಂತರ ಅರಿಸಿನ, ಧನಿಯಾ ಪುಡಿ, ಒಂದು ಹಿಡಿ ಗೋಡಂಬಿ. ಪೂರ್ತಿ ಆರಿದ ಮೇಲೆ ನೆನೆಸಿದ ಮೆಣಸಿನಕಾಯಿ ಸೇರಿಸಿ ನುಣ್ಣಗೆ ರುಬ್ಬಿ. ಬಿಸಿ ಬಿಸಿ ರುಬ್ಬಿದರೆ ಮಿಕ್ಸಿ ಮುಚ್ಚಳ ಹಾರಿ ಗೋಡೆಯೆಲ್ಲ ಕೆಂಪು. ಒರೆಸಿದ ಮಸಿಬಟ್ಟೆಯ ಅರಿಸಿನದ ಕಲೆಗೆ ಬ್ಲೀಚು ಸುರಿಯುವವರೂ ಇದ್ದಾರೆ, ಸೋಪು ಹಾಕಿ ಒಗೆದು ಬಿಸಿಲಿಗೆ ಹಾಕಿದರೆ ತಾನಾಗೇ ಬಿಳಿಚುತ್ತದೆ, ಅಷ್ಟೂ ಗೊತ್ತಿಲ್ವಾ? ರುಬ್ಬಿದ್ದನ್ನು ಮತ್ತೆ ಸಣ್ಣ ಉರಿಯಲ್ಲಿಟ್ಟು, ಅಂಚಿನಲ್ಲಿ ಎಣ್ಣೆ ಬಿಡುವ ತನಕ ಕೈಯಾಡಿಸಿ.

ಆರಿಸಿ, ಐಸ್ ಟ್ರೇಯಲ್ಲಿ ಹಾಕಿ ಫ್ರೀಜರಿಗೆ ಇಡಿ. ಬೇಕಾದಾಗ ನಾಲ್ಕು ತುಂಡು ತೆಗೆದು ಬಾಣಲೆಗೆ ಹಾಕಿ, ಬಿಸಿನೀರಲ್ಲೇ ತೆಳು ಮಾಡಿ, ಪನೀರೋ ಬಟಾಣಿಯೋ ಹಾಕಿ. ಕಸೂರಿ ಮೇಥಿ ಇಳಿಸುವಾಗ, ಅಂಗೈಯಲ್ಲಿ ಉಜ್ಜಿ.