ಬ್ಲೂಮಿಂಗ್ಟನ್-ನಾರ್ಮಲ್‌ಗೆ ಹೊಸದಾಗಿ ಬರೋರಿಗೆ: ಚಳಿಗಿಂತ ಗಾಳಿ ಲೆಕ್ಕ ಇಟ್ಕೊಳ್ಳಿ

ಅಮೆರಿಕದ ಇಲಿನಾಯ್ ರಾಜ್ಯದ ಈ ಅವಳಿ ಊರಿಗೆ ಟ್ರಾನ್ಸ್‌ಫರ್ ಆಗಿ ಬರೋರು, ಓದೋಕೆ ಬರೋ ಹುಡುಗ್ರು ಎಲ್ಲರೂ ಕೇಳೋ ಮೊದಲ ಪ್ರಶ್ನೆ ಒಂದೇ, ಅಲ್ಲಿ ಚಳಿ ಎಷ್ಟು ಡಿಗ್ರಿ ಹೋಗತ್ತೆ ಅಂತ. ಡಿಗ್ರಿ ಫೋನಲ್ಲೇ ಸಿಗತ್ತೆ ಬಿಡಿ, ನಾನು ಹೇಳೋದು ಗಾಳಿ ಬಗ್ಗೆ. ನಮ್ಮ ಮ್ಯಾಕ್ಲೀನ್ ಕೌಂಟಿ ವಿಸ್ತೀರ್ಣದಲ್ಲಿ ಇಲಿನಾಯ್ ರಾಜ್ಯಕ್ಕೇ ದೊಡ್ಡದು, ಊರು ದಾಟಿದ್ರೆ ಕಣ್ಣಿಗೆ ಕಾಣೋಷ್ಟು ದೂರ ಮೆಕ್ಕೆಜೋಳ ಸೋಯಾಬೀನ್ ಹೊಲಗಳೇ, ಬೆಟ್ಟ ಇಲ್ಲ ಗುಡ್ಡ ಇಲ್ಲ, ಗಾಳಿಗೆ ಅಡ್ಡ ನಿಲ್ಲೋದು ಅಂತ ಏನೂ ಇಲ್ಲ. ಪೂರ್ವದ ಕಡೆ ಡ್ರೈವ್ ಮಾಡಿದ್ರೆ ಸಾಲು ಸಾಲು ವಿಂಡ್‌ಮಿಲ್ ಸಿಗತ್ತೆ, ಚಿತ್ರದುರ್ಗ ಗದಗ ಕಡೆಯವರಿಗೆ ಇದು ನೋಡಿರೋದೇ. ಅಷ್ಟು ದುಡ್ಡು ಹಾಕಿ ಸುಮ್ನೆ ನೆಟ್ಟಿರಲ್ಲ ಅಲ್ವಾ.

ಜನವರಿ ರಾತ್ರಿಗಳು ಸಾಮಾನ್ಯವಾಗಿ 15ರಿಂದ 20 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಮೈನಸ್ 7ರಿಂದ ಮೈನಸ್ 9. ಇದನ್ನ ಯಾರು ಬೇಕಾದ್ರೂ ತಡೀಬಹುದು. ಆದ್ರೆ ಪ್ರತಿ ಚಳಿಗಾಲದಲ್ಲೂ ಒಂದಷ್ಟು ದಿನ ಉತ್ತರದಿಂದ ಗಾಳಿ ನುಗ್ಗತ್ತೆ ನೋಡಿ, ಆವಾಗ ಲೆಕ್ಕ ಬೇರೆ. 0 ಫ್ಯಾರನ್‌ಹೀಟ್ ಇದ್ದು ಗಂಟೆಗೆ 15 ಮೈಲಿ ಗಾಳಿ ಬೀಸಿದ್ರೆ ಮೈಗೆ ಮೈನಸ್ 19 ಅನ್ಸತ್ತೆ, ಅಂದ್ರೆ ಸೆಲ್ಸಿಯಸ್‌ನಲ್ಲಿ ಮೈನಸ್ 28, ಅಂಥದ್ರಲ್ಲಿ ಕಿವಿ ಬೆರಳು ಮುಚ್ಚದೆ ಅರ್ಧ ಗಂಟೆ ನಿಂತ್ರೆ ಫ್ರಾಸ್ಟ್‌ಬೈಟ್ (ಚಳಿಗೆ ಚರ್ಮ ಮರಗಟ್ಟಿ ಹಾಳಾಗೋದು) ಆಗೋ ಸಾಧ್ಯತೆ ಇದೆ. ಅದಕ್ಕೇ ಆ್ಯಪಲ್ಲಿ ದೊಡ್ಡದಾಗಿ ಕಾಣೋ ನಂಬರ್ ಬಿಟ್ಟು ಕೆಳಗಿರೋ 'ಫೀಲ್ಸ್ ಲೈಕ್' ನೋಡಿ, ಅದೂ ಇಡೀ ದಿನದ್ದಲ್ಲ, ಗಂಟೆ ಗಂಟೆದು, ಯಾಕಂದ್ರೆ ಬೆಳಿಗ್ಗೆ ಬರೀ ಸ್ವೆಟರ್ ಸಾಕು ಅನ್ನೋ ಹಾಗಿದ್ದ ದಿನ ಸಂಜೆ ಆಫೀಸ್ ಬಿಡೋ ಹೊತ್ತಿಗೆ ಎಲ್ಲಾ ಗಡ್ಡೆ ಕಟ್ಟಿರೋದು ಇಲ್ಲಿ ಮಾಮೂಲು. 2019 ಜನವರಿ ಕೊನೇಲಿ ಪೋಲಾರ್ ವೋರ್ಟೆಕ್ಸ್ (ಉತ್ತರ ಧ್ರುವದ ಕೊರೆಯೋ ಚಳಿಗಾಳಿ) ಬಂದಾಗ ರಾಜ್ಯದ ವಾಯವ್ಯದಲ್ಲಿರೋ ಮೌಂಟ್ ಕ್ಯಾರಲ್‌ನಲ್ಲಿ ಮೈನಸ್ 38 ಫ್ಯಾರನ್‌ಹೀಟ್ ದಾಖಲಾಯ್ತು, ಇಲಿನಾಯ್‌ಗೆ ಅದೇ ರೆಕಾರ್ಡ್. ಅಂಥದ್ದು ಅಪರೂಪ, ಹೆದರ್ಕೋಬೇಡಿ.

ಬಟ್ಟೆ ವಿಷಯ. ಬೆಂಗಳೂರಲ್ಲಿ ದಪ್ಪ ಜಾಕೆಟ್ ತಗೊಂಡು ಸೂಟ್‌ಕೇಸ್ ತುಂಬಿಸ್ಕೊಂಡು ಬರ್ಬೇಡಿ, ಅದು ಅಲ್ಲಿನ ಚಳಿಗೆ ಮಾಡಿರೋದು, ಇಲ್ಲಿನ ಗಾಳಿ ಅದರೊಳಗಿಂದ ಹಾದು ಹೋಗತ್ತೆ. ಇಲ್ಲೇ ಬಂದು ಗಾಳಿ ತಡೆಯೋ ಹೊರಪದರ ಇರೋದು, ಸೊಂಟದಿಂದ ಕೆಳಗೆ ಬರೋದು ತಗೊಳ್ಳಿ. ಒಳಗೆ ಥರ್ಮಲ್ಸ್, ಕಾಲಿಗೆ ಗ್ರಿಪ್ ಇರೋ ಬೂಟ್ಸ್. ಮಂಕಿ ಕ್ಯಾಪ್ ನೋಡಿ ನಗೋರು ನಗ್ಲಿ, ಅಮ್ಮ ಹೆಣೆದು ಕೊಟ್ಟಿದ್ರೆ ಅದನ್ನ ಮಾತ್ರ ಖಂಡಿತ ತನ್ನಿ.

ಕಾರು. ಸ್ನೋ ಬಿದ್ದ ದಿನಕ್ಕಿಂತ ಮಾರನೇ ದಿನ ಜಾಸ್ತಿ ಹುಷಾರಾಗಿರಿ. ಊರೊಳಗೆ ರಸ್ತೆ ಕ್ಲೀನ್ ಮಾಡಿರ್ತಾರೆ, ಹೊರಗೆ ಐ-39, ಐ-55 ಹೈವೇಗಳಲ್ಲಿ ಹೊಲದ ಮೇಲಿನ ಸ್ನೋನ ಗಾಳಿ ಎತ್ಕೊಂಡು ಬಂದು ಮತ್ತೆ ರಸ್ತೆ ಮೇಲೆ ಸುರೀತಿರತ್ತೆ, ಮೇಲೆ ನೋಡಿದ್ರೆ ನೀಲಿ ಆಕಾಶ, ಎದುರಿಗೆ ಮಾತ್ರ ಏನೂ ಕಾಣಲ್ಲ. ಇನ್ನು ಫ್ರೀಜಿಂಗ್ ರೈನ್ (ಬಿದ್ದ ಕೂಡ್ಲೆ ಐಸ್ ಆಗೋ ಮಳೆ) ಅಂತ ಫೋರ್‌ಕಾಸ್ಟ್ ಇದ್ರೆ ಮ್ಯಾನೇಜರ್‌ಗೆ ಮೆಸೇಜ್ ಹಾಕಿ ಮನೇಲೇ ಕೂತು ಕೆಲಸ ಮಾಡಿ, ಆ ಗಾಜಿನಂಥ ಐಸ್ ಮೇಲೆ ಯಾವ ಫೋರ್ ವೀಲ್ ಡ್ರೈವೂ ನಿಲ್ಲಲ್ಲ. ವೈಪರ್‌ಗೆ ನೀರು ಹಾಕ್ಬೇಡಿ, ಫ್ರೀಜ್ ಆಗದ ವಾಷರ್ ಫ್ಲೂಯಿಡ್ ಹಾಕಿ. ಗ್ಲಾಸ್ ಮೇಲೆ ಬಿಸಿನೀರು ಸುರೀಬೇಡಿ, ಸೀಳು ಬಿಡತ್ತೆ. ಗ್ಯಾರೇಜ್ ಬಾಗಿಲು ಮುಚ್ಚಿಟ್ಟು ಇಂಜಿನ್ ಬಿಸಿ ಮಾಡೋದಂತೂ ಯಾವತ್ತೂ ಬೇಡ, ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಜೀವ ಹೋಗತ್ತೆ.

ಮನೆ ಒಳಗೆ ಹೀಟರ್ ಓಡಿ ಓಡಿ ಗಾಳಿ ಒಣಗಿಹೋಗತ್ತೆ, ತುಟಿ ಒಡಿಯತ್ತೆ, ಬಾಗಿಲ ಹಿಡಿ ಮುಟ್ಟಿದ್ರೆ ಶಾಕ್ ಹೊಡಿಯತ್ತೆ, ಹ್ಯುಮಿಡಿಫೈಯರ್ ಒಂದು ಇಟ್ಕೊಳ್ಳಿ. ದೋಸೆ ಹಿಟ್ಟು ಹುಳಿ ಬರಲ್ಲ ಅಂತ ಗೋಳಾಡೋರಿಗೆ ಇಲ್ಲಿನ ಹಳಬರೆಲ್ಲ ಹೇಳೋದು ಒಂದೇ, ಓವನ್ ಆನ್ ಮಾಡದೆ ಬರೀ ಒಳಗಿನ ಲೈಟ್ ಹಾಕಿ ರಾತ್ರಿಯಿಡೀ ಇಡಿ, ಮೊಸರಿಗೆ ಹೆಪ್ಪು ಹಾಕೋಕೂ ಅದೇ ಜಾಗ. ಡಿಸೆಂಬರಲ್ಲಿ ನಾಲ್ಕೂವರೆಗೇ ಸೂರ್ಯ ಮುಳುಗ್ತಾನೆ, ಮೊದಲ ವರ್ಷ ಅದು ಚಳಿಗಿಂತ ಜಾಸ್ತಿ ಕಾಡತ್ತೆ, ಯಾರ ಮನೆಗಾದ್ರೂ ಹೋಗ್ತಾ ಬರ್ತಾ ಇರಿ.

ಮಾರ್ಚ್‌ನಿಂದ ಇನ್ನೊಂದು ಕಥೆ. ಗುಡುಗು ಮಳೆ, ಆಲಿಕಲ್ಲು, ಟೊರ್ನೇಡೋ. ಪ್ರತಿ ತಿಂಗಳ ಮೊದಲ ಮಂಗಳವಾರ ಬೆಳಿಗ್ಗೆ 10ಕ್ಕೆ ಸೈರನ್ ಕೂಗತ್ತೆ, ಅದು ಟೆಸ್ಟ್, ಗಾಬರಿ ಬೇಡ. ಬೇರೆ ಹೊತ್ತಲ್ಲಿ ಕೂಗಿದ್ರೆ ಬಾಲ್ಕನಿಗೆ ಹೋಗಿ ವಿಡಿಯೋ ಮಾಡೋಕೆ ನಿಲ್ಬೇಡಿ (ನಮ್ಮವರು ಮಾಡ್ತಾರೆ ಅದಕ್ಕೇ ಹೇಳ್ತಿರೋದು), ಬೇಸ್‌ಮೆಂಟ್‌ಗೆ ಇಳೀರಿ, ಅಪಾರ್ಟ್‌ಮೆಂಟ್ ಆದ್ರೆ ಕೆಳಗಿನ ಮಹಡೀಲಿ ಕಿಟಕಿ ಇಲ್ಲದ ಬಾತ್‌ರೂಮ್ ಇಲ್ಲಾ ಕ್ಲೋಸೆಟ್. ಮೇಲಿನ ಮಹಡಿಯವರು ಬಂದ ವಾರದಲ್ಲೇ ಕೆಳಗಿನ ಮನೆಯವರ ಪರಿಚಯ ಮಾಡ್ಕೊಳ್ಳಿ. ವಾಚ್ ಅಂತ ಬಂದ್ರೆ ಆಗಬಹುದು, ಫೋನ್ ಚಾರ್ಜ್ ಮಾಡಿಟ್ಕೊಂಡು ಗಮನ ಇಡಿ, ವಾರ್ನಿಂಗ್ ಅಂತ ಬಂದ್ರೆ ಆಗ್ಲೇ ಎದ್ದು ಹೊರಡಿ. ನಮ್ಮ ಕೌಂಟಿಗೆ ಇದನ್ನ ಕೊಡೋದು ಲಿಂಕನ್ ಊರಲ್ಲಿರೋ ನ್ಯಾಷನಲ್ ವೆದರ್ ಸರ್ವಿಸ್ ಆಫೀಸು, ವಾಟ್ಸಾಪ್ ಫಾರ್ವರ್ಡ್ ಬಿಟ್ಟು ಅವರ ಪೇಜ್ ನೋಡಿ. ಬೇಸಿಗೆ ಮುಗೀತು ಇನ್ನೇನಿಲ್ಲ ಅಂತಾನೂ ಅನ್ಕೋಬೇಡಿ, ಪಿಯೋರಿಯಾ ಪಕ್ಕದ ವಾಷಿಂಗ್ಟನ್ ಊರನ್ನ ಇಎಫ್-4 (ಐದರವರೆಗಿನ ಅಳತೇಲಿ ನಾಲ್ಕು) ಟೊರ್ನೇಡೋ ಕೆಡವಿದ್ದು 2013ರ ನವೆಂಬರ್ 17ಕ್ಕೆ.

ಮೇ ತಿಂಗಳಲ್ಲಿ ಬಿತ್ತನೆಗೆ ಅಂತ ಹೊಲ ಬರಿದಾಗಿರತ್ತೆ, ಮಳೆ ತಡ ಆಗಿ ಜೋರು ಗಾಳಿ ಬಂದ್ರೆ ಮಣ್ಣೇ ಎದ್ದು ಬರತ್ತೆ. 2023ರ ಮೇ 1ಕ್ಕೆ ಸ್ಪ್ರಿಂಗ್‌ಫೀಲ್ಡ್‌ನಿಂದ ದಕ್ಷಿಣಕ್ಕೆ ಐ-55ರಲ್ಲಿ ಹೀಗೇ ಧೂಳೆದ್ದು ಹತ್ತಾರು ಗಾಡಿ ಒಂದಕ್ಕೊಂದು ಗುದ್ದಿ ಜನ ಸತ್ತರು. ದೂರದಲ್ಲಿ ಕಂದು ಗೋಡೆ ಥರ ಕಂಡ್ರೆ ಒಳಗೆ ನುಗ್ಬೇಡಿ, ಮೊದಲ ಎಕ್ಸಿಟ್ ತಗೊಂಡು ಇಳ್ಕೊಳ್ಳಿ.

ಜುಲೈಲಿ ಮಾತ್ರ ತಮಾಷೆ, ಗಾಳಿ ಬೇಕು ಅಂದಾಗ ಇರಲ್ಲ. 90 ಡಿಗ್ರಿ ಫ್ಯಾರನ್‌ಹೀಟ್ ಸೆಕೆ, ಅದರ ಮೇಲೆ ಸುತ್ತ ಬೆಳೆದು ನಿಂತ ಮೆಕ್ಕೆಜೋಳ ಎಲೆಯಿಂದ ನೀರಾವಿ ಬಿಡ್ತಾನೇ ಇರತ್ತೆ, ಇಲ್ಲಿಯವರು ಕಾರ್ನ್ ಸ್ವೆಟ್ ಅಂತಾರೆ, ಮಂಗಳೂರವರಿಗೆ ಅಂತೂ ಮನೆಗೆ ಬಂದ ಹಾಗಾಗತ್ತೆ. ಮಲೆನಾಡಿನ ಜಡಿಮಳೆ ನಿರೀಕ್ಷೆ ಇಟ್ಕೊಂಡು ಬಂದೋರಿಗೆ ನಿರಾಸೆ, ಇಲ್ಲಿ ಮಳೆ ಬಂದ್ರೆ ಒಂದೇ ಸಲ ಸುರಿದು ಹೋಗತ್ತೆ. ಬೇಸ್‌ಮೆಂಟ್ ಇರೋ ಮನೆ ತಗೊಳೋರು ಒಳಗೆ ಬರೋ ನೀರನ್ನ ಹೊರಗೆ ಹಾಕೋ ಸಂಪ್ ಪಂಪ್‌ಗೆ ಬ್ಯಾಟರಿ ಬ್ಯಾಕಪ್ ಇದೆಯಾ ಅಂತ ಮೊದಲೇ ಕೇಳಿ, ಜೋರು ಮಳೇಲೇ ಕರೆಂಟ್ ಹೋಗೋದು.

ಮೆಂತ್ಯ, ಬದನೆ, ಹೀರೆ ಎಲ್ಲಾ ಚೆನ್ನಾಗಿ ಬರತ್ತೆ ಇಲ್ಲಿ, ಮಣ್ಣು ಕಪ್ಪು ಬಂಗಾರ. ಆದ್ರೆ ಏಪ್ರಿಲ್‌ನ ಬಿಸಿಲು ನಂಬಿ ಸಸಿ ಹೊರಗೆ ನೆಡ್ಬೇಡಿ, ಮೇ ಎರಡನೇ ವಾರ ದಾಟ್ಲಿ. ತುಳಸಿ ಕುಂಡ ನವರಾತ್ರಿ ಹೊತ್ತಿಗೆ ಒಳಗೆ ಬಂದ್ಬಿಡ್ಬೇಕು, ಅಕ್ಟೋಬರ್‌ನ ಮೊದಲ ಫ್ರಾಸ್ಟ್ ಒಂದೇ ರಾತ್ರೀಲಿ ಕರ್ರಗೆ ಮಾಡಿಬಿಡತ್ತೆ. ಸೆಪ್ಟೆಂಬರ್ ಅಕ್ಟೋಬರ್ ವರ್ಷದಲ್ಲೇ ಚೆಂದದ ತಿಂಗಳು, ಕಟಾವಿನ ಧೂಳಿಗೆ ಅಲರ್ಜಿ ಇರೋರಿಗೆ ಮಾತ್ರ ಸ್ವಲ್ಪ ಕಷ್ಟ.

ಅಪ್ಪ ಅಮ್ಮನ್ನ ಕರೆಸ್ಕೊಳ್ಳೋರು ಮೇ ಕೊನೆಗೆ ಬರೋ ಹಾಗೆ, ಅಕ್ಟೋಬರ್ ಮಧ್ಯದೊಳಗೆ ವಾಪಸ್ ಹೋಗೋ ಹಾಗೆ ಟಿಕೆಟ್ ಮಾಡಿ. ಡಿಸೆಂಬರಲ್ಲಿ ಟಿಕೆಟ್ ಸೋವಿ ಸಿಕ್ತು ಅಂತ ಕರೆಸಿದ್ರೆ ಪಾಪ ಅವರು ಮೂರು ತಿಂಗಳು ಕಿಟಕಿ ನೋಡ್ತಾ ಕೂರ್ಬೇಕು, ವಾಕಿಂಗ್ ಇಲ್ಲ, ಮಂಡಿನೋವು ಬೇರೆ. ಚಳಿಗಾಲದಲ್ಲೇ ಬರೋ ಪರಿಸ್ಥಿತಿ ಇದ್ರೆ ಶಿಕಾಗೋದ ಓಹೇರ್ ಏರ್‌ಪೋರ್ಟ್ ಇಂದ ಇಲ್ಲಿಗೆ ಎರಡು ಗಂಟೆ ಮೇಲೆ ದಾರಿ, ಫ್ಲೈಟ್ ರಾತ್ರಿ ಇಳಿಯೋದಾಗಿ ಐ-55 ಮೇಲೆ ಸ್ನೋ ಫೋರ್‌ಕಾಸ್ಟ್ ಇದ್ರೆ ಅಲ್ಲೇ ಹೋಟೆಲ್ ರೂಮ್ ಮಾಡಿ ಬೆಳಕಾದ ಮೇಲೆ ಹೊರಡಿ, ಅವರ ಜಾಕೆಟ್ ಟೋಪಿ ನೀವೇ ಏರ್‌ಪೋರ್ಟ್‌ಗೆ ತಗೊಂಡು ಹೋಗಿರಿ.