ಮನೆಯಲ್ಲೇ ಮರಗೆಲಸ: ಮೊದಲು ಯಾವ ಮಷಿನ್ ಕೊಳ್ಳಬೇಕು?

ಗೋಡೆಗೆ ಒಂದು ಶೆಲ್ಫ್ ಬೇಕು. ಬಡಗಿಗೆ ಫೋನ್ ಮಾಡಿದರೆ "ಒಂದು ಶೆಲ್ಫಿಗೆ ಅಂತ ಬರಕ್ಕಾಗಲ್ಲ ಸರ್, ಇನ್ನೇನಾದ್ರೂ ಕೆಲಸ ಇದ್ರೆ ಸೇರಿಸಿಟ್ಕೊಳ್ಳಿ" ಅನ್ನುತ್ತಾರೆ. ಅವರದ್ದೇನೂ ತಪ್ಪಿಲ್ಲ. ಮಷಿನ್ ಹೊತ್ತು ಬಂದು ಹೋಗುವುದರಲ್ಲೇ ಅವರ ಅರ್ಧ ದಿನ ಕಳೆಯುತ್ತದೆ. ಹೀಗೆ ಉಳಿದುಹೋದ ಚಿಕ್ಕಪುಟ್ಟ ಕೆಲಸ ಪ್ರತಿ ಮನೆಯಲ್ಲೂ ನಾಲ್ಕೈದು ಇರುತ್ತವೆ. ಬಾಗಿಲ ಹತ್ತಿರ ಚಪ್ಪಲಿ ಸ್ಟ್ಯಾಂಡ್, ಮಗುವಿನ ಪುಸ್ತಕಕ್ಕೊಂದು ಗೂಡು, ಅಡುಗೆಮನೆಯಲ್ಲಿ ಡಬ್ಬಿ ಇಡುವ ಹಲಗೆ. ಇವನ್ನು ನಾವೇ ಮಾಡಿಕೊಳ್ಳಬಹುದು.

ಹೊಸಬರು ಸಾಮಾನ್ಯವಾಗಿ ಎಡವುವುದು ಕೊಳ್ಳುವ ಹೊತ್ತಿನಲ್ಲೇ. ಡ್ರಿಲ್ ಜೊತೆ ನೂರು ಸಾಮಾನು ತುಂಬಿದ ಸೂಟ್‌ಕೇಸ್ ಕಿಟ್ ಕಣ್ಣಿಗೆ ಚೆಂದ. ಮನೆಗೆ ತಂದ ಮೇಲೆ ಅದರಲ್ಲಿ ಹತ್ತು ಸಾಮಾನೂ ಬಳಕೆಗೆ ಬರುವುದಿಲ್ಲ. ನನ್ನ ಲೆಕ್ಕ ಬೇರೆ. ಕೈಯಲ್ಲಿ ಹತ್ತು ಸಾವಿರ ಇದ್ದರೆ ಮಷಿನ್‌ಗೆ ಆರು ಸಾವಿರ ಸಾಕು. ಉಳಿದ ನಾಲ್ಕು ಸಾವಿರವನ್ನು ಬ್ಲೇಡ್, ಬಿಟ್ (ಡ್ರಿಲ್ ತುದಿಗೆ ಹಾಕುವ ಕೊರೆಯುವ ಕಡ್ಡಿ), ಕ್ಲಾಂಪು (ಹಲಗೆ ಅಲ್ಲಾಡದಂತೆ ಬಿಗಿದು ಹಿಡಿಯುವುದು), ಮೂಲೆಮಟ್ಟಕ್ಕೆ (ಮೂಲೆ ನೇರವಿದೆಯೇ ಎಂದು ನೋಡುವ ಪಟ್ಟಿ) ಎತ್ತಿಡಿ. ಸಾಧಾರಣ ಮಷಿನ್‌ಗೆ ಒಳ್ಳೇ ಬ್ಲೇಡ್ ಹಾಕಿದರೆ ಕೆಲಸ ಚೆನ್ನಾಗಿ ಬರುತ್ತದೆ. ದುಬಾರಿ ಮಷಿನ್‌ಗೆ ಕಳಪೆ ಬ್ಲೇಡ್ ಹಾಕಿದರೆ ಮರವೂ ಹಾಳು, ಮಷಿನ್ನೂ ಬಿಸಿ.

ಮೊದಲು ಕಾಗದದ ಮೇಲೆ

ಅಂಗಡಿಗೆ ಹೋಗುವ ಮುಂಚೆ, ಏನು ಮಾಡಬೇಕೆಂದಿದ್ದೀರೋ ಅದನ್ನು ಬರೆದುಕೊಳ್ಳಿ. ಚಪ್ಪಲಿ ಸ್ಟ್ಯಾಂಡನ್ನೇ ತೆಗೆದುಕೊಳ್ಳೋಣ. ಎರಡು ಪಕ್ಕದ ಹಲಗೆ, ಒಂದೊಂದು 3 ಅಡಿ ಎತ್ತರ. ನಡುವೆ ಎರಡೂವರೆ ಅಡಿ ಉದ್ದದ ನಾಲ್ಕು ಅಡ್ಡ ಹಲಗೆ. ಎಲ್ಲದರ ಅಗಲ ಒಂದಡಿ. ಪ್ಲೈವುಡ್ ಶೀಟ್ ಬರುವುದು 8 ಅಡಿಗೆ 4 ಅಡಿ ಅಳತೆಯಲ್ಲಿ. ಉದ್ದುದ್ದ ಸೀಳಿದ ಅರ್ಧ ಶೀಟ್, ಅಂದರೆ 8 ಅಡಿಗೆ 2 ಅಡಿ, ಈ ಕೆಲಸಕ್ಕೆ ಸರಿಯಾಗಿ ಸಾಕಾಗುತ್ತದೆ. ಅದನ್ನು ಮತ್ತೆ ಉದ್ದಕ್ಕೆ ಎರಡು ಪಟ್ಟಿ ಮಾಡಿ. ಪ್ರತಿ ಪಟ್ಟಿಯಲ್ಲಿ ಒಂದು ಪಕ್ಕದ ಹಲಗೆ, ಎರಡು ಅಡ್ಡ ಹಲಗೆ ಬರುತ್ತವೆ. ಬ್ಲೇಡ್ ಪ್ರತಿ ಸಲ ಸುಮಾರು 3 ಮಿ.ಮೀ. ತಿನ್ನುತ್ತದೆ. ಆದ್ದರಿಂದ ಅಡ್ಡ ಹಲಗೆಯನ್ನು 30 ಇಂಚಿನ ಬದಲು 29¾ ಇಂಚು ಅಂತ ಗುರುತು ಹಾಕಿ. ಅಗಲದಲ್ಲೂ ಒಂಚೂರು ಕಮ್ಮಿಯಾಗುತ್ತದೆ, ಪರವಾಗಿಲ್ಲ.

ಈಗ ಕೆಲಸ ಎಣಿಸಿ. ಕತ್ತರಿಸುವುದು, ಪಟ್ಟಿಯ ತುದಿಯಲ್ಲಿ ಮಿಕ್ಕ ಚೂರು ತೆಗೆಯುವುದೂ ಸೇರಿ, ಏಳು ಸಲ. ಒಂದೊಂದು ಅಡ್ಡ ಹಲಗೆಗೆ ತುದಿಗೆ ಮೂರರಂತೆ ಆರು ಸ್ಕ್ರೂ ಹಾಕಿದರೆ ನಾಲ್ಕು ಹಲಗೆಗೆ 24 ತೂತು. ಕೊನೆಗೆ ಉಜ್ಜುವುದು. ಆ ಏಳು ಕಟ್‌ಗಳನ್ನು ಪ್ಲೈವುಡ್ ಅಂಗಡಿಯಲ್ಲೋ ಸಾಮಿಲ್‌ನಲ್ಲೋ ಸ್ವಲ್ಪ ಕೂಲಿ ಕೊಟ್ಟು ಮಾಡಿಸಿಕೊಳ್ಳಬಹುದು. ದೊಡ್ಡ ಶೀಟನ್ನು ಮನೆಗೆ ಸಾಗಿಸುವ ತಾಪತ್ರಯವೂ ತಪ್ಪುತ್ತದೆ. 24 ತೂತು ಮಾತ್ರ ನೀವೇ ಕೊರೆಯಬೇಕು. ಅಂದರೆ ಮೊದಲು ಕೊಳ್ಳಬೇಕಾದದ್ದು ಡ್ರಿಲ್.

ಪ್ಲೈ ಕೊಳ್ಳುವಾಗ ಶೀಟಿನ ಮೇಲಿನ ಮುದ್ರೆ ನೋಡಿ. ಒಳಮನೆಯ ಕೆಲಸಕ್ಕೆ ಐಎಸ್ (ಭಾರತೀಯ ಮಾನಕ) 303 ಸಾಕು. ನೀರು ತಾಗುವ ಕಡೆ ಐಎಸ್ 710 ಬೇಕು.

ಡ್ರಿಲ್: ವೈರ್ ಇರುವುದಾ, ಬ್ಯಾಟರಿಯದ್ದಾ?

ಗೋಡೆ ಮತ್ತು ಮರ ಎರಡಕ್ಕೂ ಒಂದೇ ಮಷಿನ್ ಬೇಕೆಂದರೆ ವೈರ್ ಇರುವ 500–600 ವ್ಯಾಟ್ ಇಂಪ್ಯಾಕ್ಟ್ ಡ್ರಿಲ್ ತೆಗೆದುಕೊಳ್ಳಿ. ಎರಡರಿಂದ ಮೂರೂವರೆ ಸಾವಿರದೊಳಗೆ ಒಳ್ಳೆಯದು ಸಿಗುತ್ತದೆ. ಮೂರು ವಿಷಯ ನೋಡಬೇಕು. ಟ್ರಿಗರ್ ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ತಿರುಗಬೇಕು. ಹಿಂದಕ್ಕೂ ಮುಂದಕ್ಕೂ ತಿರುಗಬೇಕು. ಹ್ಯಾಮರ್, ಅಂದರೆ ತಿರುಗುತ್ತಲೇ ಗುದ್ದುವುದನ್ನು, ಆನ್-ಆಫ್ ಮಾಡುವ ಗುಂಡಿ ಇರಬೇಕು. ಮರಕ್ಕೆ ಹ್ಯಾಮರ್ ಯಾವತ್ತೂ ಆಫ್. ಮರೆತು ಆನ್ ಬಿಟ್ಟರೆ ಬಿಟ್ ಕುಣಿದು ತೂತಿನ ಬಾಯಿ ಹರಿದುಹೋಗುತ್ತದೆ.

ಅಂಗಡಿಯಲ್ಲಿ ಒಂದು ಪರೀಕ್ಷೆ ಮಾಡಿ. 6 ಮಿ.ಮೀ. ಹೊಸ ಬಿಟ್ ಹಾಕಿ ಬಿಗಿಮಾಡಿಸಿ. ಮಷಿನ್ ಅಡ್ಡ ಹಿಡಿದು, ಹಿಂದೆ ಬಿಳಿ ಗೋಡೆ ಬರುವಂತೆ ಇಟ್ಟು, ನಿಧಾನ ತಿರುಗಿಸಿ. ಬಿಟ್‌ನ ತುದಿ ಒಂದೇ ಚುಕ್ಕಿಯಲ್ಲಿ ನಿಂತಂತೆ ಕಾಣಬೇಕು. ತುದಿ ಸಣ್ಣ ವೃತ್ತ ಬಿಡಿಸುತ್ತಿದ್ದರೆ ಚಕ್ (ಬಿಟ್ ಹಿಡಿಯುವ ಬಾಯಿ) ಅಲ್ಲಾಡುತ್ತಿದೆ ಅಂತ ಅರ್ಥ. ಬೇರೆ ಪೀಸ್ ಕೇಳಿ. ಸಂಕೋಚ ಬೇಡ, ಒಳ್ಳೇ ಅಂಗಡಿಯವರು ತೋರಿಸುತ್ತಾರೆ.

ಗೋಡೆಯ ವಿಷಯ ಊರಿಂದೂರಿಗೆ ಬೇರೆ. ಕರಾವಳಿಯ ಕೆಂಪುಕಲ್ಲಿನ ಗೋಡೆ, ಇಟ್ಟಿಗೆ ಗೋಡೆ ಈ ಡ್ರಿಲ್‌ಗೆ ಸುಲಭ. ಅಪಾರ್ಟ್‌ಮೆಂಟಿನ ಕಾಂಕ್ರೀಟ್ ಪಿಲ್ಲರ್, ಹಳೇ ಮನೆಯ ಗಟ್ಟಿ ಸೈಜುಗಲ್ಲು ಅಂದರೆ ಒದ್ದಾಡುತ್ತದೆ. ಅದಕ್ಕೆ ಎಸ್‌ಡಿಎಸ್ ಎಂಬ ಗಾಡಿಯ ಬುಡದ ಬಿಟ್ ಹಾಕುವ, ಜೋರಾಗಿ ಗುದ್ದುತ್ತಾ ಕೊರೆಯುವ ರೋಟರಿ ಹ್ಯಾಮರ್ ಬೇಕು. ವರ್ಷಕ್ಕೆ ಎರಡು ತೂತಿಗೆ ಅದನ್ನು ಕೊಳ್ಳಬೇಡಿ, ಒಂದು ದಿನಕ್ಕೆ ಬಾಡಿಗೆ ತನ್ನಿ.

ಮರಗೆಲಸ ಮಾತ್ರ ಅನ್ನುವವರಿಗೆ 12 ವೋಲ್ಟ್ ಬ್ಯಾಟರಿ ಡ್ರಿಲ್ ಹೆಚ್ಚು ಹಿತ. ಕತ್ತಿನ ಸುತ್ತ ಅಂಕಿ ಬರೆದ ಉಂಗುರ ಇರುತ್ತದೆ, ಅದೇ ಕ್ಲಚ್. ಸ್ಕ್ರೂ ತಳ ಮುಟ್ಟಿದ ಕೂಡಲೇ ಕಟಕಟ ಅಂದು ನಿಲ್ಲುತ್ತದೆ. ವೈರ್ ಡ್ರಿಲ್‌ನಲ್ಲಿ ಸಾಮಾನ್ಯವಾಗಿ ಇದು ಇರುವುದಿಲ್ಲ. ಆದ್ದರಿಂದ ಅದರಲ್ಲಿ ಸ್ಕ್ರೂ ಮುಕ್ಕಾಲು ಇಳಿಸಿ, ಕೊನೆಯ ಎರಡು ಸುತ್ತು ಕೈಯಿಂದ ತಿರುಗಿಸಿ.

ಬ್ಯಾಟರಿ ಮಷಿನ್ ಕೊಳ್ಳುವಾಗ ಅಂಕಿ ನೋಡಿ ಮೋಸ ಹೋಗಬೇಡಿ. ಒಂದು ಲಿಥಿಯಂ ಸೆಲ್ ಸುಮಾರು 3.6 ವೋಲ್ಟ್. ಐದು ಸೆಲ್ ಸೇರಿದರೆ 18. ಪೂರ್ತಿ ಚಾರ್ಜ್ ಆದ ಹೊಸದರಲ್ಲಿ ಅದೇ ಐದು ಸೆಲ್ 20ರ ಆಸುಪಾಸು ತೋರಿಸುತ್ತದೆ. ಹಾಗಾಗಿ "18 ವೋಲ್ಟ್", "20 ವೋಲ್ಟ್ ಮ್ಯಾಕ್ಸ್" ಎರಡೂ ಒಂದೇ. ಆನ್‌ಲೈನ್‌ನಲ್ಲಿ "48 ವಿಎಫ್", "88 ವಿಎಫ್" ಅಂತ ದೊಡ್ಡದಾಗಿ ಬರೆದ ಅಗ್ಗದ ಮಷಿನ್‌ಗಳಿವೆ. ಅದು ವೋಲ್ಟೇಜ್ ಅಲ್ಲವೇ ಅಲ್ಲ. ಇನ್ನೊಂದು ಮಾತು. ಒಂದು ಕಂಪನಿಯ ಬ್ಯಾಟರಿ ಸಾಮಾನ್ಯವಾಗಿ ಇನ್ನೊಂದರ ಮಷಿನ್‌ಗೆ ಕೂರುವುದಿಲ್ಲ. ಮೊದಲ ಬ್ಯಾಟರಿ ಡ್ರಿಲ್ ಕೊಂಡಾಗಲೇ ಮುಂದಿನ ಮಷಿನ್‌ಗಳ ಕಂಪನಿಯನ್ನೂ ಆರಿಸಿದ ಹಾಗಾಯಿತು. ಸ್ವಲ್ಪ ಯೋಚಿಸಿ ಆರಿಸಿ.

ಕತ್ತರಿಸಲು ಜಿಗ್‌ಸಾ

ಎರಡನೆಯ ಮಷಿನ್ ಜಿಗ್‌ಸಾ. ಹೊಲಿಗೆ ಯಂತ್ರದ ಸೂಜಿಯಂತೆ ಸಣ್ಣ ಬ್ಲೇಡ್ ಮೇಲೆ ಕೆಳಗೆ ಆಡುತ್ತದೆ. ನೇರವೂ ಕತ್ತರಿಸುತ್ತದೆ, ಬಳುಕಿನ ಗೆರೆಯೂ ಬರುತ್ತದೆ. ಹೊಸಬರ ಕೈಗೆ ಕತ್ತರಿಸುವ ಮಷಿನ್‌ಗಳಲ್ಲಿ ಇದೇ ಹೆದರಿಕೆ ಕಮ್ಮಿಯದ್ದು. 500–650 ವ್ಯಾಟ್ ಸಾಕು. ವೇಗ ಬದಲಿಸುವ ಚಕ್ರ ಇರಲಿ. ಟಿ ಆಕಾರದ ಬುಡವಿರುವ ಬ್ಲೇಡ್ ಹಿಡಿಯುವುದೇ ಆಗಿರಲಿ, ಅದು ಎಲ್ಲ ಕಡೆ ಸಿಗುತ್ತದೆ. ನುಣುಪಾದ ಕಟ್‌ಗೆ ಟಿ101ಬಿ, ಬೇಗ ಕತ್ತರಿಸಲು ಟಿ144ಡಿ ಅಂತ ಕೇಳಿ ತನ್ನಿ.

ನನ್ನ ಮೊದಲ ಚಪ್ಪಲಿ ಸ್ಟ್ಯಾಂಡ್‌ಗೆ ಸನ್‌ಮೈಕಾ ಅಂಟಿಸಿದ್ದ ಪ್ಲೈ ತಂದಿದ್ದೆ. ಚೆಂದದ ಮುಖ ಮೇಲೆ ಮಾಡಿ, ಅದರ ಮೇಲೇ ಗೆರೆ ಎಳೆದು ಕತ್ತರಿಸಿದೆ. ಅಂಚೆಲ್ಲ ಇಲಿ ಕಡಿದ ಹಾಗಾಯಿತು. ಪಕ್ಕದ ಮನೆಯಲ್ಲಿ ಕೆಲಸ ಮಾಡುತ್ತಿದ್ದ ಆಚಾರ್ರು ಬಂದು ನೋಡಿದರು. "ಚೆಂದದ ಮುಖ ಕೆಳಗೆ ಮಾಡ್ಬೇಕಿತ್ತು ಸರ್, ಹಲ್ಲು ಮೇಲಕ್ಕೆ ಎಳೆಯತ್ತೆ" ಅಂದರು. ಬ್ಲೇಡ್ ಬಿಚ್ಚಿ ಕೈಯಲ್ಲಿ ಕೊಟ್ಟರು. ಬೆರಳಾಡಿಸಿದರೆ ಹೌದು, ಹಲ್ಲುಗಳೆಲ್ಲ ಬುಡದ ಕಡೆಗೆ ಮುಖ ಮಾಡಿವೆ. ಮೇಲಕ್ಕೆ ಬರುವಾಗ ಕತ್ತರಿಸುತ್ತದೆ, ಹಾಗಾಗಿ ಮೇಲಿನ ಪದರ ಏಳುತ್ತದೆ. ಅಂದಿನಿಂದ ಒಳ್ಳೇ ಮುಖ ಕೆಳಗೆ, ಗೆರೆ ಹಿಂಬದಿಯಲ್ಲಿ, ಗೆರೆಯ ಮೇಲೆ ಮಾಸ್ಕಿಂಗ್ ಟೇಪ್. ದುಂಡು ಬ್ಲೇಡ್ ತಿರುಗುವ, ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಸಾಗೂ ಇದೇ ಕ್ರಮ.

ನೇರ ಕಟ್ ಬೇಕಾದರೆ ಕಣ್ಣಳತೆ ನಂಬಬೇಡಿ. ನೇರವಾದ ರೀಪು ಒಂದನ್ನು ಗೆರೆಗೆ ಸಮಾನಾಂತರವಾಗಿ ಎರಡು ಕ್ಲಾಂಪಿನಿಂದ ಬಿಗಿದು, ಜಿಗ್‌ಸಾದ ತಳವನ್ನು ಅದಕ್ಕೆ ಒತ್ತಿಕೊಂಡು ನಡೆಸಿ. ಜೋರಾಗಿ ತಳ್ಳಿದರೆ ಬ್ಲೇಡ್ ಒಳಗೆ ಬಾಗುತ್ತದೆ. ಮೇಲೆ ಗೆರೆ ಸರಿ ಇರುತ್ತದೆ, ಕೆಳಗೆ ಓರೆ. ಮಷಿನ್ ತಾನಾಗಿ ಮುಂದೆ ಹೋಗುವಷ್ಟು ಹೊತ್ತು ಕೊಡಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು

ನಮ್ಮಲ್ಲಿ ಎರಡು ಅಭ್ಯಾಸ ಬೇರೂರಿವೆ. ಒಂದು, ಕಲ್ಲು, ಟೈಲ್ಸ್ ಕತ್ತರಿಸುವ ಮಾರ್ಬಲ್ ಕಟ್ಟರ್‌ಗೆ ಮರದ ಬ್ಲೇಡ್ ಹಾಕುವುದು. ಇನ್ನೊಂದು, ಕಬ್ಬಿಣ ಉಜ್ಜುವ, ಕತ್ತರಿಸುವ ಆಂಗಲ್ ಗ್ರೈಂಡರ್‌ಗೆ ಹಲ್ಲಿನ ಬ್ಲೇಡ್ ಹಾಕುವುದು. ಎರಡನೆಯದಂತೂ ಬೇಡವೇ ಬೇಡ. 4 ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಹಲ್ಲು ಮರದಲ್ಲಿ ಕಚ್ಚಿಕೊಂಡರೆ ಇಡೀ ಮಷಿನ್ ಕೈಯಿಂದ ಹಾರಿ ಹಿಡಿದವರ ಕಡೆಗೇ ಬರುತ್ತದೆ. ಕತ್ತು, ತೊಡೆ, ಬೆರಳು ಏನೂ ನೋಡುವುದಿಲ್ಲ.

ಮಾರ್ಬಲ್ ಕಟ್ಟರ್‌ನಲ್ಲಿ ಅನುಭವಿ ಬಡಗಿಗಳು ವರ್ಷಗಟ್ಟಲೆ ಮರ ಕತ್ತರಿಸಿದ್ದಾರೆ ನಿಜ. ಆದರೆ ಅದರ ಬ್ಲೇಡ್‌ನ ಕೆಳಭಾಗ ಬಯಲು. ಮರಕ್ಕೆಂದೇ ಮಾಡಿದ ಸರ್ಕ್ಯುಲರ್ ಸಾದಲ್ಲಿ ಕೆಳಗೊಂದು ಸ್ಪ್ರಿಂಗ್ ಕವಚ ಇರುತ್ತದೆ. ಕಟ್ ಮುಗಿದ ಕ್ಷಣ ಟಪ್ ಅಂತ ಮುಚ್ಚಿಕೊಳ್ಳುತ್ತದೆ. ಹೊಸಬರಿಗೆ ಆ ಕವಚವೇ ಮುಖ್ಯ. ಐದಾರು ತಿಂಗಳು ಜಿಗ್‌ಸಾ ಬಳಸಿ, ಶೀಟ್ ಕತ್ತರಿಸುವ ಕೆಲಸ ಜಾಸ್ತಿಯಾದರೆ ಆಗ 7 ಇಂಚಿನ ಸರ್ಕ್ಯುಲರ್ ಸಾ ತನ್ನಿ. ಪ್ಲೈಗೆ 40 ಹಲ್ಲಿನ ಬ್ಲೇಡ್ ಹಾಕಿ. ಬ್ಲೇಡ್ ಮೇಲೆ ಬರೆದ ಗರಿಷ್ಠ ಸುತ್ತು ಮಷಿನ್‌ನ ಸುತ್ತಿಗಿಂತ ಹೆಚ್ಚಿರಲೇಬೇಕು.

ಉಜ್ಜುವುದು

ಒಂದೆರಡು ಕೆಲಸಕ್ಕೆ ಮರದ ತುಂಡಿಗೆ ಸ್ಯಾಂಡ್ ಪೇಪರ್ ಸುತ್ತಿ ಕೈಯಲ್ಲೇ ಉಜ್ಜಿದರೆ ಸಾಕು. 80, 120, 180 ನಂಬರಿನ ಪೇಪರ್ ಈ ಕ್ರಮದಲ್ಲಿ, ಅಂಕಿ ಹೆಚ್ಚಿದಷ್ಟೂ ನುಣುಪು. ಮಷಿನ್ ಬೇಕೇ ಬೇಕು ಅನ್ನಿಸಿದಾಗ 5 ಇಂಚಿನ ರ‍್ಯಾಂಡಮ್ ಆರ್ಬಿಟಲ್ ಸ್ಯಾಂಡರ್ ತೆಗೆದುಕೊಳ್ಳಿ, ಗೀರು ಬೀಳುವುದು ಕಮ್ಮಿ. ಮಾಸ್ಕ್ ಮಾತ್ರ ಮೊದಲ ದಿನದಿಂದಲೇ. ಮರದ ಪುಡಿ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಪಟ್ಟಿಗೆ ಸೇರಿಸಿದೆ. ಕೋವಿಡ್ ಕಾಲದ ಎನ್95 ಮನೆಯಲ್ಲಿದ್ದರೆ ಅದನ್ನೇ ಹಾಕಿ. ಕಣ್ಣಿಗೆ ಕನ್ನಡಕ, ಕಿವಿಗೆ ಇಯರ್ ಪ್ಲಗ್.

ಅಂಗಡಿಯಲ್ಲಿ ಏನು ಕೇಳಬೇಕು?

ಬೆಂಗಳೂರಿನವರಿಗೆ ಎಸ್‌ಜೆಪಿ ರಸ್ತೆ ಇದೆ. ಸಾಲು ಅಂಗಡಿ, ನಾಲ್ಕು ಕಡೆ ಬೆಲೆ ಕೇಳಬಹುದು. ಬೇರೆ ಊರಿನವರು ಬೆಲೆಗಿಂತ ಮೊದಲು ಒಂದು ಪ್ರಶ್ನೆ ಕೇಳಿ: "ಅಣ್ಣ, ಇದರ ಕಾರ್ಬನ್ ಬ್ರಷ್ ನಿಮ್ಮಲ್ಲಿ ಸಿಗತ್ತಾ?" ವೈರ್ ಮಷಿನ್‌ಗಳ ಮೋಟಾರಿನಲ್ಲಿ ಸವೆಯುವ ಎರಡು ಸಣ್ಣ ಇದ್ದಿಲ ತುಂಡುಗಳಿವು. ಬೆಲೆ ಬಹಳ ಕಮ್ಮಿ. ಆದರೆ ಸಿಗದೇ ಹೋದರೆ ಮೂರು ಸಾವಿರದ ಮಷಿನ್ ಮೂಲೆ ಸೇರುತ್ತದೆ. "ಇದೆ" ಅಂದರೆ ಆಗಲೇ ಒಂದು ಜೊತೆ ತೆಗೆದಿಡಿ. ರಿಪೇರಿ ಎಲ್ಲಿ, ನಿಮ್ಮ ಊರಿನಿಂದ ಎಷ್ಟು ದೂರ, ಅದನ್ನೂ ಕೇಳಿ. ಹೆಸರಿಲ್ಲದ ಅಗ್ಗದ ಮಷಿನ್ ಸೋಲುವುದು ಇಲ್ಲೇ.

ಬ್ರ್ಯಾಂಡ್ ವಿಷಯದಲ್ಲಿ ಎರಡು ಸಂಗತಿ ಗೊತ್ತಿದ್ದರೆ ಒಳ್ಳೆಯದು. ಬಾಷ್‌ನಲ್ಲಿ ನೀಲಿ ಬಣ್ಣದ್ದು ಕಸುಬಿನವರಿಗೆ, ಹಸಿರು ಮನೆಬಳಕೆಗೆ. ಡಿವಾಲ್ಟ್, ಸ್ಟ್ಯಾನ್ಲಿ, ಬ್ಲ್ಯಾಕ್ ಅಂಡ್ ಡೆಕ್ಕರ್ ಮೂರೂ ಒಂದೇ ಕಂಪನಿಯ ಹೆಸರುಗಳು. ಬಿಲ್ ಹಾಕಿಸಿಕೊಳ್ಳದೆ ಯಾವುದನ್ನೂ ತರಬೇಡಿ.

ಪ್ಲೇನರ್, ರೂಟರ್, ಟೇಬಲ್ ಸಾ ಇವೆಲ್ಲ ಈಗ ಬೇಡ. ಆ ದುಡ್ಡಿಗೆ ನಾಲ್ಕು ಕ್ಲಾಂಪು, ಒಂದು ಮೂಲೆಮಟ್ಟ, ನಡುವೆ ಚೂಪು ಮೊನೆ ಇರುವ ಮರದ ಬಿಟ್‌ಗಳ ಸೆಟ್ ತನ್ನಿ. ಪ್ಲೈ ಅಂಚಿಗೆ 4 ಮಿ.ಮೀ. ಸ್ಕ್ರೂ ಹಾಕುವ ಮುಂಚೆ 3 ಮಿ.ಮೀ. ಬಿಟ್‌ನಿಂದ ದಾರಿ ಕೊರೆಯಿರಿ. ಸುಮ್ನೆ ಸ್ಕ್ರೂ ತುರುಕಿದರೆ ಪ್ಲೈ ಪದರ ಬಿಡುತ್ತದೆ. ಮತ್ತಿ, ಹೊನ್ನೆಯಂಥ ಗಟ್ಟಿ ಮರದಲ್ಲಿ ಸ್ಕ್ರೂನ ತಲೆಯೇ ಮುರಿಯುತ್ತದೆ.

ಮನೆಗೆ ತಂದ ಮೇಲೆ

ಡ್ರಿಲ್, ಜಿಗ್‌ಸಾ 6 ಆಂಪ್ ಸಾಕೆಟ್ಟಿನಲ್ಲೇ ನಡೆಯುತ್ತವೆ. ಸಾವಿರ ವ್ಯಾಟ್ ದಾಟಿದ ಸರ್ಕ್ಯುಲರ್ ಸಾಗೆ 16 ಆಂಪ್ ಸಾಕೆಟ್ ಬಳಸಿ. ಎಕ್ಸ್‌ಟೆನ್ಶನ್ ವೈರ್ 1.5 ಚದರ ಮಿ.ಮೀ.ದ್ದಿರಲಿ. ಸುತ್ತಿಟ್ಟ ವೈರನ್ನು ಪೂರ್ತಿ ಬಿಚ್ಚಿ ಹರಡಿ, ಇಲ್ಲದಿದ್ದರೆ ಸುರುಳಿಯಲ್ಲೇ ಬಿಸಿಯಾಗುತ್ತದೆ. ಬ್ಲೇಡ್ ಬದಲಿಸುವ ಮುಂಚೆ ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಕಡೆ ಇಡಿ. ತೋಳು ತುಂಬಿದ ಸಡಿಲ ಅಂಗಿ, ಸೆರಗು, ಕೈಗವಸು ಯಾವುದೂ ತಿರುಗುವ ಮಷಿನ್ ಹತ್ತಿರ ಬೇಡ.

ಮೊದಲ ಭಾನುವಾರ ಹೊಸ ಶೀಟ್ ಮುಟ್ಟಬೇಡಿ. ಪ್ಲೈ ಅಂಗಡಿಯಲ್ಲಿ ಉಳಿದ ತುಂಡು ಕೇಳಿ ತನ್ನಿ. ಅದರ ಮೇಲೆ ಹತ್ತು ಗೆರೆ ಎಳೆದು ಹತ್ತನ್ನೂ ಕತ್ತರಿಸಿ. ಒಂದೊಂದು ಕಟ್‌ಗೂ ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿಯಿರಿ. ಮೊದಲ ನಾಲ್ಕೈದರಲ್ಲಿ ಸಂದಿನಿಂದ ಬೆಳಕು ಕಾಣುತ್ತದೆ. ಎಂಟನೆಯದ್ದೋ ಹತ್ತನೆಯದ್ದೋ ಪೂರ್ತಿ ಕೂತುಕೊಂಡರೆ, ಚಪ್ಪಲಿ ಸ್ಟ್ಯಾಂಡಿನ ಅರ್ಧ ಶೀಟ್ ತರಲು ಹೊರಡಿ.